ಮುಖ ಕಾಣುವ ಗಿಲಾವು

ಗೌಂಡಿ ಮಶಾಕಸಾಬ ಸಿಮೆಂಟಿನ ಪರವಾಗಿ ಬಾಯಿ ತೆರೆದ ಎಂದರೆ ವಿಜಾಪುರದಲ್ಲಿ ಯಾರೂ ನಂಬುತ್ತಿರಲಿಲ್ಲ. ಮೀಸೆ ಬಂದಾಗಿನಿಂದ ಅವನು ಸಿಮೆಂಟನ್ನು ಬೈದುಕೊಂಡೇ ಬಂದವನು. ಅದಕ್ಕೆ ಅವನಿಟ್ಟ ಹೆಸರು ‘ಬೂದಿ’. ಸ್ಟೇಷನ್ ರಸ್ತೆಯಲ್ಲಿ ಹೊಸ ಅಂಗಡಿಗಳು ಎದ್ದಾಗ, ಅವುಗಳ ಮುಂದೆ ನಿಂತು, ಮಾಲಕರಿಗೆ ಕೇಳಿಸುವಂತೆಯೇ, “ಬೂದಿ ಬಡದಾರ, ಹತ್ತು ವರ್ಷಕ್ಕ ಉದರತೈತಿ” ಎಂದು ಹೇಳಿ ಬೀಡಿ ಹಚ್ಚುತ್ತಿದ್ದ. ಹೀಗಾಗಿ ಆ ಅಂಗಡಿಯವರು ಯಾರೂ ಅವನಿಗೆ ಕೆಲಸ ಕೊಡಲಿಲ್ಲ, ಅವನೂ ಕೇಳಲಿಲ್ಲ.

ಅಂಥ ಮಶಾಕಸಾಬ ಎಪ್ಪತ್ನಾಲ್ಕನೆಯ ಇಸವಿಯ ದೀಪಾವಳಿ ಮುಗಿದ ಮರುವಾರ, ಭಾಗೀರಥೀಬಾಯಿಯವರ ದೇವರಮನೆಯಲ್ಲಿ ನಿಂತು, ನೆಲ ನೋಡುತ್ತ, “ಸಿಮೆಂಟ ಹಚ್ಚಿಬಿಡೋಣ್ರಿ ಬಾಯಾರ. ಎರಡು ದಿನದಾಗ ಕೆಲಸ ಮುಗೀತೈತಿ” ಅಂದುಬಿಟ್ಟ.

ಹೊಸ್ತಿಲಾಚೆ ಮಣೆಯ ಮೇಲೆ ಕುಳಿತಿದ್ದ ಭಾಗೀರಥೀಬಾಯಿ ಕನ್ನಡಕ ತೆಗೆದು ಅವನನ್ನೇ ನೋಡಿದರು. ಅರವತ್ತೈದು ದಾಟಿದ ಹೆಂಗಸು, ಸಣಕಲು ಮೈ, ದೊಡ್ಡ ದನಿ.

“ಏನಂದಿ? ನೀ ಮಶಾಕನ ಹೌದಲ್ಲೊ? ಜ್ವರಾ ಗಿರಾ ಬಂದಾವೇನು?”

ಆಕೆಯ ಮಗ ಪ್ರಲ್ಹಾದನಿಗೆ ಮಾತ್ರ ಖುಷಿಯಾಯಿತು. ಅವನು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲದಲ್ಲಿ ನಾಲ್ಕು ಕಡೆ ಓಡಾಡಿ ಆರು ಚೀಲ ತಂದು ಪಡಸಾಲೆಯಲ್ಲಿ ಒಟ್ಟಿದ್ದ. “ನಾ ಹೇಳಿದ್ದೂ ಅದನ್ನ ಅಲ್ಲೇನವಾ? ಮಾಘದಾಗ ಹುಡುಗನ ಮುಂಜಿವಿ ಅದ. ಚೀಲದಾಗ ಇದ್ದಲ್ಲೇ ಗಟ್ಟಿ ಆಗೋದರೊಳಗ ಬಳದು ಮುಗಿಸಿಬಿಡ್ಲಿ” ಅಂದ.

“ನಿನ್ನ ಕಚೇರಿಗೆ ಬಳಸ್ಕೊ ಅದನ್ನ. ಇದು ದೇವರ ಮನಿ. ಮಾವನವರು ಮಾಡಿಸಿದ್ದು ಹ್ಯಾಂಗಿತ್ತೋ ಹಂಗ ಆಗಬೇಕು. ಸುಣ್ಣದ ಗಚ್ಚು. ಈ ಮಶಾಕನ ಅಪ್ಪ ಮಾಡಿದಂಗ ಮಾರಿ ಕಾಣಬೇಕು.”

ಅಷ್ಟು ಹೇಳಿ ಭಾಗೀರಥೀಬಾಯಿ ಕನ್ನಡಕ ಹಾಕಿಕೊಂಡರು. ಆ ಮನೆಯಲ್ಲಿ ಅವರು ಕನ್ನಡಕ ಹಾಕಿಕೊಂಡರೆ ಮಾತು ಮುಗಿಯಿತು ಎಂದರ್ಥ.

ಮಶಾಕಸಾಬ ಗೋಡೆಯ ಕಡೆ ತಿರುಗಿದ. ಹಿಂದಿನ ಮಳೆಗಾಲದಲ್ಲಿ ಮಾಳಿಗೆ ಸೋರಿ, ಅದಕ್ಕೆ ಬಳಿದಿದ್ದ ಹಳೆಯ ಗಿಲಾವು ಉಬ್ಬಿ ನಿಂತಿತ್ತು. ಅಲ್ಲಲ್ಲಿ ಉದುರಿ, ಉಳಿದದ್ದು ಬಡಿದರೆ ಟೊಳ್ಳು ಸದ್ದು ಕೊಡುತ್ತಿತ್ತು. ಹೋದ ತಿಂಗಳು ಅವನೇ ಅದನ್ನೆಲ್ಲ ಕೆತ್ತಿ ಕೆಡವಿ ಇಟ್ಟಂಗಿ ಕಾಣುವಂತೆ ಮಾಡಿ ಹೋಗಿದ್ದ. ದೇವರ ಪೆಟ್ಟಿಗೆಯನ್ನು ನಡುಮನೆಗೆ ಸಾಗಿಸಿ, ಅವನು ಒಳಗೆ ಕಾಲಿಡಲು ಅಪ್ಪಣೆ ಕೊಟ್ಟಿದ್ದರು. ಕೆಲಸ ಮುಗಿದ ಮೇಲೆ ಪುಣ್ಯಾಹ ಮಾಡಿಸಿ ನಾಲ್ಕು ಕೊಡ ನೀರು ಸುರಿದರೆ ಅವನ ಹೆಜ್ಜೆಗಳು ತೊಳೆದುಹೋಗುತ್ತವೆ, ಅದರ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಗೋಡೆಯೊಳಗೆ ಇದ್ದದ್ದು ಯಾವ ಪುಣ್ಯಾಹಕ್ಕೂ ತೊಳೆದುಹೋಗುವಂಥದಾಗಿರಲಿಲ್ಲ. ಅದು ಗೊತ್ತಿದ್ದವನು ಈಗ ಜಗತ್ತಿನಲ್ಲಿ ಮಶಾಕಸಾಬ ಒಬ್ಬನೇ.

ಆ ಗಿಲಾವಿಗೆ ಅವನ ಅಪ್ಪ ಅಬ್ದುಲಸಮದ ತತ್ತಿ ಹಾಕಿದ್ದ.

ಗಚ್ಚಿನ ಕೆಲಸ ಬಲ್ಲವರಿಗೆ ಇದು ದೊಡ್ಡ ಗುಟ್ಟೇನಲ್ಲ. ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆಸಿ, ಎತ್ತು ತಿರುಗಿಸುವ ಗಾಣದಲ್ಲಿ ಉಸುಕಿನ ಜೊತೆ ಅರೆದು, ಬೆಲ್ಲದ ನೀರು, ಬಿಲ್ವಕಾಯಿಯ ಅಂಟು, ಅಳಲೆಕಾಯಿಯ ಕಷಾಯ ಹಾಕಿ ಹದ ಮಾಡುತ್ತಾರೆ. ಗೋಡೆ ಗಟ್ಟಿಯಾಗಲು ಅಷ್ಟು ಸಾಕು. ಮುಖ ಕಾಣುವಂತೆ ಹೊಳೆಯಬೇಕೆಂದರೆ ಕೊನೆಯ ತೆಳು ಪದರಕ್ಕೆ ತತ್ತಿಯ ಬಿಳಿಯ ಭಾಗ ಬೇಕು. ಭಾಗೀರಥೀಬಾಯಿಯವರ ಮಾವ ಹಣಮಂತಾಚಾರ್ಯರು ಸೊಸೆ ಮನೆತುಂಬುವ ವರ್ಷ ದೇವರಮನೆ ಮಾಡಿಸಿದರು. “ಏನು ಹಾಕ್ತೀ ನಾ ಕೇಳಂಗಿಲ್ಲ ಅಬ್ದುಲಾ. ನಂದಾದೀಪ ಗ್ವಾಡ್ಯಾಗ ಕಾಣಬೇಕು” ಅಂದಿದ್ದರಂತೆ. ಅವರಿಗೆ ಗೊತ್ತಿದ್ದೇ ಹಾಗೆ ಹೇಳಿದರೋ, ಗೊತ್ತಿಲ್ಲದೆಯೋ, ಅದನ್ನು ಈಗ ಕೇಳಲು ಅವರಿಲ್ಲ.

ಊರಲ್ಲಿ ಕೊಂಡರೆ ಸುದ್ದಿಯಾಗುತ್ತದೆ ಎಂದು ಅಬ್ದುಲಸಮದ ತಿಕೋಟಾ, ಘೋಣಸಗಿ ಕಡೆ ಅಲೆದು, ತೌಡು ತುಂಬಿದ ಬುಟ್ಟಿಯಲ್ಲಿ ತತ್ತಿ ಹುಗಿದು ತಂದ. ಆಗ ಮಶಾಕನಿಗೆ ಹನ್ನೊಂದು ವರ್ಷ. ಹಿತ್ತಲಲ್ಲಿ ಕುಳಿತು ಒಂದೊಂದೇ ಒಡೆದು, ಬಿಳಿಯದನ್ನು ಗಡಿಗೆಗೆ ಇಳಿಸಿ ಹಳದಿಯನ್ನು ಅವ್ವ ರಹಿಮಾಬಿಗೆ ಕೊಡುವುದು ಅವನ ಕೆಲಸವಾಗಿತ್ತು. ನೂರಾ ಎಂಬತ್ತು ತತ್ತಿ. ಆ ವಾರವೆಲ್ಲ ಮೂರು ಹೊತ್ತೂ ರೊಟ್ಟಿಗೆ ಹಳದಿಯದೇ ಪಲ್ಯ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ‘ಬೆಲ್ಲದ ನೀರು’ ಎಂದು ಹೇಳಿ ಆಚಾರ್ಯರ ಮನೆಯೊಳಗೆ ಹೊತ್ತೊಯ್ದರು.

ಇಷ್ಟೇ ಆಗಿದ್ದರೆ ಇದು ಗೌಂಡಿಗಳು ಚಹಾ ಕುಡಿಯುತ್ತ ನಗುವ ಮಾತಾಗಿ ಉಳಿಯುತ್ತಿತ್ತು.

ಆ ಮನೆಗೆ ಆನಂದೀ ಅಂತ ಒಬ್ಬ ಮಗಳಿದ್ದಳು. ಪ್ರಲ್ಹಾದನ ಅಕ್ಕ. ನಲವತ್ತಾರನೆಯ ಇಸವಿಯಲ್ಲಿ, ಹದಿನಾಲ್ಕು ವರ್ಷದವಳಿದ್ದಾಗ, ಎದೆಯ ಬೇನೆ, ಅಂದರೆ ಕ್ಷಯ, ಹತ್ತಿ ದಿನದಿನಕ್ಕೆ ಸವೆಯತೊಡಗಿದಳು. ಡಾಕ್ಟರರು ಔಷಧ ಕೊಟ್ಟು, ಮೈಯಲ್ಲಿ ಶಕ್ತಿ ಬರಬೇಕು, ದಿನಾ ಎರಡು ತತ್ತಿ ಕೊಡಿರಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರ ಕಂಪೌಂಡರ ಈರಯ್ಯ ಮಶಾಕನ ಓಣಿಯವನೇ ಆದ್ದರಿಂದ ಈ ಸುದ್ದಿ ಓಣಿಗೆಲ್ಲ ಗೊತ್ತಾಯಿತು. ಭಾಗೀರಥೀಬಾಯಿ ಒಪ್ಪಲಿಲ್ಲ. ದೇವರಿದ್ದ ಮನೆಯಲ್ಲಿ ಅದು ಆಗದ ಮಾತು ಎಂದರು. ಹಾಲು ಕೊಟ್ಟರು, ತುಪ್ಪ ಕೊಟ್ಟರು, ಹರಕೆ ಹೊತ್ತರು. ಹುಡುಗಿ ಮುಂದಿನ ಯುಗಾದಿ ಕಾಣಲಿಲ್ಲ.

ಆ ದಿನಗಳಲ್ಲಿ ರಹಿಮಾಬಿ ಗಂಡನ ಬೆನ್ನು ಹತ್ತಿದ್ದಳು. “ಹೋಗಿ ಹೇಳ್ರಿ ಆ ಬಾಯಿಗೆ. ನಿಮ್ಮ ದೇವರ ಸುತ್ತಲೂ ನೂರಾ ಎಂಬತ್ತು ಅದಾವ, ಕೂಸಿಗೆ ಎರಡು ಕೊಟ್ಟರ ಏನಾಗತೈತಿ ಅಂತ ಹೇಳ್ರಿ.” ಅಬ್ದುಲಸಮದ ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಯಾವ ಆಚಾರ್ಯರೂ ಯಾವ ದೇಸಾಯರೂ ತಮ್ಮನ್ನು ಹೊಸ್ತಿಲು ತುಳಿಯಗೊಡುವುದಿಲ್ಲ, ಕಸುಬು ಮಣ್ಣುಗೂಡುತ್ತದೆ ಎಂದ. ಮಶಾಕನಿಗೆ ಆಗ ಇಪ್ಪತ್ತೊಂಬತ್ತು, ಎರಡು ಮಕ್ಕಳ ತಂದೆ. ಅಪ್ಪನ ಮಾತು ಅವನಿಗೂ ಸರಿ ಅನ್ನಿಸಿತು, ಅವನೂ ಸುಮ್ಮನಿದ್ದ. ತತ್ತಿ ತಿಂದಿದ್ದರೆ ಆ ಹುಡುಗಿ ಬದುಕುತ್ತಿದ್ದಳೇ ಎಂದರೆ ಯಾರು ಹೇಳಬೇಕು? ಎದೆಯ ಬೇನೆ ಹತ್ತಿದವರು ತಿಂದೂ ಸತ್ತಿದ್ದಾರೆ. ಆದರೆ ಆಕೆಯ ಹೆಣ ಹೊರಟ ದಿನ ಓಣಿಯ ಮೂಲೆಯಲ್ಲಿ ನಿಂತು ನೋಡಿದ ಮಶಾಕಸಾಬ, ಇನ್ನು ಮುಂದೆ ತನ್ನ ಗಚ್ಚಿಗೆ ತತ್ತಿ ಮುಟ್ಟಿಸುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದ. ಇಪ್ಪತ್ತೆಂಟು ವರ್ಷ ಅದನ್ನು ನಡೆಸಿದ. ಹೊಳಪು ಬೇಡುವವರ ಮನೆಯ ಕೆಲಸ ಹಿಡಿಯುವುದನ್ನೇ ಬಿಟ್ಟಿದ್ದ.

ಈಗ ಈ ಒಂದು ಮನೆ, ಈ ಒಂದು ಕೋಣೆ. ಸಿಮೆಂಟಾದರೆ ಹೊಳಪಿನ ಮಾತೇ ಏಳುವುದಿಲ್ಲ, ಏನು ಹಾಕಿದೆ ಎಂದು ಯಾರೂ ಕೇಳುವುದಿಲ್ಲ, ಹಳೆಯದು ಹಳೆಯದರ ಜೊತೆ ಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಗಚ್ಚಿನಲ್ಲಿ ಕಟ್ಟಿದ ಹಳೆಯ ಇಟ್ಟಂಗಿಗೆ ಸಿಮೆಂಟು ಕೂಡುವುದಿಲ್ಲ, ಒಳಗಿನ ತಂಪು ಹೊರಬೀಳದೆ ಉಪ್ಪು ಕಾರಿ ಬಿಡುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೇ ಹೇಳಿದ್ದ. ಜೀವಮಾನದಲ್ಲಿ ಮೊದಲ ಸಲ ಕಸುಬಿಗೆ ಸುಳ್ಳು ಹೇಳಿದರೂ ದಕ್ಕಲಿಲ್ಲ.

“ಗಚ್ಚು ಅಂದ್ರ ಗಚ್ಚು. ಆತ್ರಿ ಬಾಯಾರ” ಅಂದು ಕರಣಿ ಚೀಲಕ್ಕೆ ಹಾಕಿಕೊಂಡು ಎದ್ದ.

ಮುಂದಿನ ಮೂರು ವಾರ ಮಶಾಕಸಾಬ ಮಾಡಿದ ಕೆಲಸ ಅವನ ಅಪ್ಪ ನೋಡಿದ್ದರೂ ತಲೆದೂಗುವಂಥದ್ದು. ಕನಮಡಿ ಕಡೆಯಿಂದ ಸುಣ್ಣದ ಹರಳು ತರಿಸಿದ. ಹಿತ್ತಲ ಗುಂಡಿಯಲ್ಲಿ ಅದನ್ನು ಹಾಕಿ ನೀರು ಬಿಟ್ಟಾಗ ಕುದಿದ ಕುದಿಗೆ ಪ್ರಲ್ಹಾದನ ಹೆಂಡತಿ ಬಾಗಿಲು ಹಾಕಿಕೊಂಡಳು. ಗಾಣದ ಎತ್ತಿನ ಹಿಂದೆ ಈ ವಯಸ್ಸಿನಲ್ಲಿ ತಾನೇ ನಡೆದ. ಇಟ್ಟಂಗಿಯ ಸಂದುಗಳನ್ನು ಉಗುರಿನಿಂದ ಎಂಬಂತೆ ಬಿಡಿಸಿ, ಎರಡು ದಿನ ಬರಿ ನೀರು ಕುಡಿಸಿದ. ಮೊದಲ ಪದರ, ಎರಡನೆಯ ಪದರ, ಅವೆರಡರ ನಡುವೆ ಆರಲು ಬಿಟ್ಟ ದಿನಗಳು. ಪ್ರಲ್ಹಾದ ದಿನಾ ಕಚೇರಿಗೆ ಹೋಗುವಾಗ, “ಮುಂಜಿವಿ ಹುಡುಗನದೋ, ಆ ಹುಡುಗನ ಮಗಂದೋ?” ಎಂದು ಕುಟುಕಿ ಹೋಗುತ್ತಿದ್ದ.

ಇನ್ನೊಂದು ಕೆಲಸವನ್ನೂ ಮಶಾಕಸಾಬ ಮಾಡಿದ. ಆ ಮೂರು ವಾರ ಮನೆಯಲ್ಲಿ ಮಾಂಸ ಮುಟ್ಟಲಿಲ್ಲ. ಹೆಂಡತಿ ಮದೀನಾಬಿ ತಾಟು ಮುಂದಿಟ್ಟು, “ಏನ್ರಿ, ಮುಂಜಿವಿ ನಿಮಗೂ ಮಾಡ್ತಾರೇನು?” ಎಂದು ನಕ್ಕಳು. ಅವನು ನಗಲಿಲ್ಲ. ಬರಿ ಬೇಳೆ ಸುರಿದುಕೊಂಡು ಉಂಡ. ಯಾರೂ ಹೇಳದಿದ್ದರೂ, ಈ ಸಲವಾದರೂ ಆ ಗೋಡೆ ಆ ಬಾಯಿ ತಿಳಿದುಕೊಂಡ ಹಾಗೆಯೇ ಇರಲಿ ಎಂದು ಅವನಿಗೆ ಆಸೆಯಾಗಿತ್ತು.

ಕೊನೆಯ ಪದರ ತಟ್ಟಿದ ದಿನ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ನುಣುಪು ಕಲ್ಲಿನಿಂದ ಗೋಡೆ ತಿಕ್ಕಿದ. ರಟ್ಟೆ ಬಿದ್ದುಹೋಗುವಷ್ಟು ತಿಕ್ಕಿದ. ಗೋಡೆ ಬೆಣ್ಣೆಯ ಹಾಗೆ ನುಣ್ಣಗಾಯಿತು. ಹೊಳೆಯಲಿಲ್ಲ.

ಪ್ರಲ್ಹಾದ ಕಚೇರಿಯಲ್ಲಿದ್ದ. ಸೊಸೆ ಮಗನನ್ನು ಕರೆದುಕೊಂಡು ತವರಿಗೆ ಬಬಲೇಶ್ವರಕ್ಕೆ ಹೋಗಿದ್ದಳು. ಭಾಗೀರಥೀಬಾಯಿ ಮಡಿಸೀರೆಯಲ್ಲಿ, ಕೈಯಲ್ಲಿ ಹಣತೆ ಹಿಡಿದು, ಹೊಸ್ತಿಲಿಗೆ ಬಂದು ನಿಂತರು. ದೀಪವನ್ನು ಗೋಡೆಯ ಹತ್ತಿರಕ್ಕೆ ಚಾಚಿದರು. ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಗೋಡೆಯಲ್ಲಿ ಒಂದು ಮಸಕು ಬೆಳಕು ಬಿತ್ತೇ ಹೊರತು ದೀಪ ಕಾಣಲಿಲ್ಲ, ಮುಖವಂತೂ ಕಾಣಲೇ ಇಲ್ಲ.

“ಇಷ್ಟನ?”

“ಗಟ್ಟಿ ಆಗೇತ್ರಿ ಬಾಯಾರ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ.”

“ಗಟ್ಟಿ ಯಾರು ಕೇಳ್ಯಾರ ನಿನಗ? ನಲವತ್ತಾರು ವರ್ಷ ಈ ಗ್ವಾಡ್ಯಾಗ ನನ್ನ ಮಾರಿ ನೋಡಿ ಕುಂಕುಮಾ ಹಚಗೊಂಡೀನಿ, ಅವರು ಹೋದ ಮ್ಯಾಲೆ ಬರೇ ಹಣಿ ನೋಡಿಕೊಂಡೀನಿ. ಎಲ್ಲೆದ ಅದು?”

“ಹೊಳಪು ಎಲ್ಲಾ ಸಲಾ ಬರಂಗಿಲ್ರಿ. ಸುಣ್ಣದ ಮ್ಯಾಲೆ ಇರತೈತಿ.”

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಭಾಗೀರಥೀಬಾಯಿ ಬಿಡುವ ಪೈಕಿಯವರಲ್ಲ. ಇಷ್ಟು ದಿನ ದೇವರು ನಡುಮನೆಯಲ್ಲಿ ಕುಳಿತ ಸಂಕಟವೆಲ್ಲ ಆಕೆಯ ನಾಲಗೆಗೆ ಬಂದು ನಿಂತಿತ್ತು.

“ಸುಣ್ಣಕ್ಕ ಯಾಕ ಹೆಸರಿಡ್ತೀ? ನಿಮ್ಮಪ್ಪನ ಕೈ ನಿನಗ ಬರಲಿಲ್ಲ ಅನ್ನು. ಆತ ಜಾತಿಂದ ಯಾರರೆ ಇರಲಿ, ಈ ಮನಿ ಮಡಿ ತಿಳದು ಕೆಲಸಾ ಮಾಡಿದ. ಅದಕ್ಕ ಗ್ವಾಡಿ ನಕ್ಕಿತು. ನೀ ದಿನಾ ಏನು ಹೊಲಸು ಮುಟ್ಟಿ ಬಂದು ಕರಣಿ ಹಿಡದೀಯೋ, ಅದು ಹ್ಯಾಂಗ ಹೊಳದೀತು?”

ಮಶಾಕಸಾಬನ ಕೈಯಲ್ಲಿ ಕಲ್ಲಿತ್ತು. ಬೆರಳುಗಳ ಸಂದಿಯಲ್ಲಿ ಸುಣ್ಣ ತಿಂದು ರಕ್ತ ಒಸರುತ್ತಿತ್ತು. ಇಪ್ಪತ್ತೆಂಟು ವರ್ಷ ನುಂಗಿಕೊಂಡು ಬಂದ ಮಾತು ಹೆಣದ ಮುಂದೆ ಹೊರಬಿದ್ದಿರಲಿಲ್ಲ, ಅವ್ವ ಅತ್ತಾಗ ಹೊರಬಿದ್ದಿರಲಿಲ್ಲ. ‘ನಿಮ್ಮಪ್ಪನ ಕೈ ನಿನಗ ಬರಲಿಲ್ಲ’ ಎಂಬ ಒಂದು ಮಾತಿಗೆ ಹೊರಬಿತ್ತು. ಗೌಂಡಿಯ ಸಿಟ್ಟು ಎಂಥದು ನೋಡಿ. ಒಂದು ಜೀವಕ್ಕಾಗಿ ತೆರೆಯದ ಬಾಯಿ ಒಂದು ಗೋಡೆಗಾಗಿ ತೆರೆಯಿತು.

“ಹೊಲಸು ಮುಟ್ಟಿದ್ದಕ್ಕ ಅಲ್ರೀ, ಮುಟ್ಟದಿದ್ದಕ್ಕ ಹಿಂಗಾಗೇತಿ! ನಮ್ಮಪ್ಪ ಈ ಗ್ವಾಡಿಗೆ ತತ್ತಿ ಹಾಕಿದ್ದ. ನೂರಾ ಎಂಬತ್ತು ತತ್ತಿ. ನಾನ ಕೈಯಾರೆ ಒಡದು ಬಿಳೇದು ತಗದು ಕೊಟ್ಟೇನಿ. ಅದರ ಹೊಳಪ್ರಿ ಅದು. ಮಡೀದಲ್ಲ.”

ಹೇಳಿದ ಮರುಕ್ಷಣವೇ ನಾಲಗೆ ಕಚ್ಚಿಕೊಂಡ. ಆಕೆ ಕೂಗುತ್ತಾರೆ, ದೀಪ ಎಸೆಯುತ್ತಾರೆ, ಓಣಿಯ ಜನರನ್ನು ಸೇರಿಸುತ್ತಾರೆ ಎಂದು ಕಾದು ನಿಂತ. ಭಾಗೀರಥೀಬಾಯಿ ಏನನ್ನೂ ಮಾಡಲಿಲ್ಲ. ದೀಪವನ್ನು ಹೊಸ್ತಿಲ ಮೇಲಿಟ್ಟು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹಿತ್ತಲ ಕಡೆ ಹೋದರು. ಮಶಾಕಸಾಬ ಸಾಮಾನು ಕಟ್ಟಿಕೊಂಡು ಮುಂಬಾಗಿಲಿನಿಂದ ಹೊರಬಿದ್ದ. ಓಣಿಯಲ್ಲಿ ಯಾರು ಮಾತಾಡಿಸಿದರು, ತಾನೇನು ಅಂದ, ಒಂದೂ ಅವನಿಗೆ ನೆನಪಿರಲಿಲ್ಲ.

ಮೂರನೆಯ ದಿನ ಪ್ರಲ್ಹಾದ ಸೈಕಲ್ ಹೊಡೆದುಕೊಂಡು ಅವನ ಮನೆಗೇ ಬಂದ. ಒಳಗೆ ಬರಲಿಲ್ಲ, ಸೈಕಲ್ ಮೇಲಿಂದ ಒಂದು ಕಾಲು ನೆಲಕ್ಕೆ ಊರಿ ನಿಂತ.

“ಅವ್ವ ಆ ಗಚ್ಚು ತಗದು ಸಿಮೆಂಟ ಹಚ್ಚಿಸು ಅಂದಾಳ. ಏನಾತು ಮಶಾಕಸಾಬ? ಎರಡು ದಿನದಿಂದ ಅನ್ನಾ ಮುಟ್ಟಿಲ್ಲ. ಮಡಿ ಉಡೋದು ಬಿಟ್ಟಾಳ. ಕೇಳಿದ್ರ ಏನೂ ಹೇಳವಲ್ಲಳು.”

ಆಕೆ ಮಗನಿಗೆ ಹೇಳಿಲ್ಲ ಎಂದು ಮಶಾಕಸಾಬನಿಗೆ ತಿಳಿಯಿತು. “ಬರ್ತೀನ್ರಿ ರಾಯರ” ಎಂದಷ್ಟೇ ಅಂದ.

ತಾನು ಹಚ್ಚಿದ್ದನ್ನು ತಾನೇ ಕೆತ್ತುವುದು ಗೌಂಡಿಗೆ ಸಾವಿನ ಕೆಲಸ. ಗಚ್ಚು ಇನ್ನೂ ಹಸಿಯಾಗಿತ್ತು. ದೊಡ್ಡ ದೊಡ್ಡ ಹಕ್ಕಳೆಗಳಾಗಿ ಕಳಚಿ ಕಾಲ ಮೇಲೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಇಟ್ಟಂಗಿ ಮತ್ತೆ ಬತ್ತಲೆಯಾಗಿ ನಿಂತವು. ಪ್ರಲ್ಹಾದನ ಚೀಲ ಒಡೆದು, ಬಾಂಡಲಿಯಲ್ಲಿ ಉಸುಕು ಸಿಮೆಂಟು ಕಲಸಿ, ಜೀವಮಾನವೆಲ್ಲ ಬೈದದ್ದನ್ನು ಕರಣಿಯ ಮೇಲೆ ತೆಗೆದುಕೊಂಡು ಮಶಾಕಸಾಬ ಕೆಳಗಿನ ಮೂಲೆಯಿಂದ ಬಡಿಯತೊಡಗಿದ. ಕೈಗೆ ಅದರ ಹದ ತಿಳಿಯದೆ ಅರ್ಧಕ್ಕರ್ಧ ನೆಲಕ್ಕೆ ಬೀಳುತ್ತಿತ್ತು.

ಹಿಂದೆ ಯಾರೋ ಬಂದ ಸಪ್ಪಳವಾಯಿತು. ಭಾಗೀರಥೀಬಾಯಿ ದಿನಬಳಕೆಯ ಸೀರೆಯಲ್ಲಿ ಬಂದು ಹೊಸ್ತಿಲ ಒಳಗೇ, ಉದುರಿದ ಸುಣ್ಣದ ನಡುವೆ ಕುಳಿತರು. ಮಶಾಕಸಾಬ ಕೆಲಸ ನಿಲ್ಲಿಸಲು ಹೋದ.

“ನೀ ಮಾಡು” ಅಂದರು. ದೊಡ್ಡ ದನಿ ಎಲ್ಲಿ ಹೋಗಿತ್ತೋ. “ಎಷ್ಟಂದಿ? ನೂರಾ ಎಂಬತ್ತಲ್ಲ?”

“ಹೌದ್ರಿ.”

ಅವನು ನಾಲ್ಕು ಕರಣಿ ಬಡಿದ.

“ಆನಂದೀ ಒಮ್ಮೆ ತಾನ ಕೇಳಿದ್ಳು, ಮಶಾಕಾ. ನನಗ, ಆಕಿಗೆ ಬಿಟ್ರ ಇದು ಯಾರಿಗೂ ಗೊತ್ತಿಲ್ಲ. ‘ಅವ್ವಾ, ಹಿತ್ತಲದಾಗ ಕೂತು ತಿಂತೀನಿ, ತಿಂದು ಸ್ನಾನಾ ಮಾಡ್ತೀನಿ, ಬೇಕಾದ್ರ ದನದ ಕೊಟ್ಟಿಗ್ಯಾಗ ಮಲಗ್ತೀನಿ, ಒಳಗ ಬರಂಗಿಲ್ಲ’ ಅಂದ್ಳು. ಏಳಲಿಕ್ಕೆ ಆಗತಿರಲಿಲ್ಲ ಆಕಿಗೆ. ಕೈ ಹಿಡದು ಎಬ್ಬಿಸಿ ಇಲ್ಲಿ ತಂದು ನಿಲ್ಲಿಸಿದೆ. ಈ ಗ್ವಾಡಿ ತೋರಿಸಿದೆ. ‘ನೋಡು, ನಿನ್ನ ಮಾರಿ ಎಷ್ಟು ಚಂದ ಕಾಣಸ್ತದ. ನಮ್ಮ ಮನ್ಯಾಗ ಅಂಥಾದ್ದು ಎಂದೂ ಬಂದಿಲ್ಲ, ಅದಕ್ಕ ಇದು ಹಿಂಗ ಹೊಳೀತದ. ನೀ ಇದನ್ನ ಕೆಡಸ್ತೀಯೇನು?’ ಅಂದೆ. ಆಕಿ ತನ್ನ ಮಾರಿ ನೋಡಿಕೊಂಡ್ಳು. ‘ಬ್ಯಾಡ ಬಿಡವಾ’ ಅಂದ್ಳು. ಮತ್ತ ಕೇಳಲಿಲ್ಲ.”

ಮಶಾಕಸಾಬ ಗೋಡೆಗೆ ಮುಖ ಮಾಡಿಯೇ ನಿಂತಿದ್ದ. ತಿರುಗುವ ಧೈರ್ಯ ಅವನಿಗಾಗಲಿಲ್ಲ. ತತ್ತಿಯ ಮಾತಿಗೆ ಆಕೆ ಕುಲ ಕೆಟ್ಟಿತೆಂದು ಅಳುತ್ತಾರೆ ಎಂದು ಮೂರು ದಿನ ಅವನು ತಿಳಿದಿದ್ದ.

“ಆವಾಗ ನಿನಗ ಗೊತ್ತಿತ್ತಲ್ಲ?” ಎಂದು ಭಾಗೀರಥೀಬಾಯಿ ಕೇಳಿದರು.

“ಗೊತ್ತಿತ್ರಿ.”

“ಆಕಿಗೆ ಡಾಕ್ಟರ ಏನು ಹೇಳ್ಯಾರ ಅಂತನೂ?”

“ಅದೂ ಗೊತ್ತಿತ್ರಿ, ಬಾಯಾರ.”

ಅಪ್ಪ ಬೇಡ ಅಂದ ಎಂದು ಹೇಳಬಹುದಿತ್ತು. ಕಸುಬು ಹೋಗುತ್ತಿತ್ತು, ಎರಡು ಕೂಸುಗಳಿದ್ದವು ಎಂದು ಹೇಳಬಹುದಿತ್ತು. ಇಪ್ಪತ್ತೆಂಟು ವರ್ಷ ತನಗೆ ತಾನೇ ಹೇಳಿಕೊಂಡ ಮಾತುಗಳು ಅವು. ಬಾಂಡಲಿಯಲ್ಲಿ ಕಲಸಿಟ್ಟ ಸಿಮೆಂಟು ಬಿಗಿಯತೊಡಗಿತ್ತು. ಅವನು ಅದನ್ನು ನೋಡುತ್ತ ನಿಂತ.

“ಬಂದು ಒಂದು ಮಾತು ಹೇಳಿದ್ದರ,” ಅಂದರು ಭಾಗೀರಥೀಬಾಯಿ, “ನಾ ಆಕಿಗೆ ಕೊಡ್ತಿದ್ನಲ್ಲೊ.”